ಕಳೆದುಹೋದ ಒಂದು ‘ಅ’

ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮನೆಯ ಫೋನ್ ಸದ್ದು ಮಾಡಿತೆಂದರೆ ಅದು ನನಗೇ ಎಂದು ಎಲ್ಲರಿಗೂ ಗೊತ್ತು. ‘ಸರ, ಇದು ಮತ್ತ ಬಾಯಿ ಬಿಡವಲ್ದು ನೋಡ್ರಿ’ ಎಂದು ಅತ್ತಲಿಂದ ಒಂದು ದನಿ. ಪಕ್ಕದಲ್ಲಿ ಕುಳಿತು ಕೇಳಿದವರು, ಯಾರದೋ ಮನೆಯ ಎಮ್ಮೆ ಔಷಧಿ ಕುಡಿಯಲು ಒಲ್ಲೆನ್ನುತ್ತಿದೆ ಎಂದುಕೊಂಡರೆ ತಪ್ಪಿಲ್ಲ. ಆದರೆ ಬಾಯಿ ಬಿಡದೆ ಕುಳಿತಿರುವುದು ಕಂಪ್ಯೂಟರು. ಫೋನ್ ಮಾಡಿದವರಿಗೆ ಕಣ್ಣು ಕಾಣದು. ಎತ್ತಿಕೊಂಡ ನನಗೂ ಕಾಣದು. ಪರದೆಯ ಮೇಲೆ ಏನಿದೆ ಎಂದು ಹೇಳಬೇಕಾದ ಯಂತ್ರವೇ ಮೂಕವಾದಾಗ, ನೋಡಲಾರದ ಇಬ್ಬರು ಸೇರಿ ಅದನ್ನು ಮಾತಾಡಿಸಬೇಕು. ಹಲವು ವರ್ಷಗಳಿಂದ ಇದು ನನ್ನ ಸಂಬಳವಿಲ್ಲದ ನೌಕರಿ.

ನಾನು ದಾಂಡೇಲಿಯವನು. ನಮ್ಮದು ಕಾಗದದ ಊರು. 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಬಂದ ಮೇಲೆ ಕಾಳಿ ನದಿಯ ದಂಡೆಯ ಈ ಊರಿಗೆ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಎಲ್ಲವೂ ಬಂದು ಸೇರಿದವು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮೊದಲು ರಾತ್ರಿ ಹೊತ್ತು ಕಾಣದಾಯಿತು; ಆಮೇಲೆ ಬದಿಯಿಂದ ಬರುವವರು ಕಾಣದಾದರು; ಕೊಳವೆಯೊಳಗಿಂದ ನೋಡಿದಂತೆ ನೋಟ ಕಿರಿದಾಗುತ್ತ ಹೋಗಿ ನಲವತ್ತೈದರ ಹೊತ್ತಿಗೆ ಮುಗಿದೇ ಹೋಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಡಾಕ್ಟರು ಹೆಸರಿಟ್ಟರು. ಹೆಸರು ತಿಳಿದದ್ದರಿಂದ ನನಗಾದ ಲಾಭ ಅಷ್ಟಕ್ಕಷ್ಟೆ. ಕಾಗದದ ಊರಿನಲ್ಲಿದ್ದೂ ಕಾಗದ ಓದಲಾರದವನಾದೆ.

ಮಾತನಾಡುವ ಕಂಪ್ಯೂಟರು ಇದೆಯೆಂದು ಕೇಳಿದಾಗ ನಾನು ಮೊದಲು ನಂಬಲಿಲ್ಲ. ಇತ್ತು. ಅಮೆರಿಕದ ಟೆಡ್ ಹೆಂಟರ್ ಎಂಬಾತ ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಓಡಿಸುತ್ತಿದ್ದವನು, 1978ರಲ್ಲಿ ರಸ್ತೆ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ. ಮುಂದೆ ಅವನ ಕಂಪನಿ 1989ರಲ್ಲಿ ‘ಜಾಸ್’ ಎಂಬ ತಂತ್ರಾಂಶ ತಂದಿತು. ಪರದೆಯ ಮೇಲಿನದನ್ನು ಅದು ಓದಿ ಹೇಳುತ್ತದೆ. ಆದರೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಮಾಸ್ತರನ ಸಂಬಳಕ್ಕೆ ದೂರದ ಮಾತು. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್, ‘ಎನ್‌ವಿಡಿಎ’ ಎಂಬ ಇನ್ನೊಂದನ್ನು ಕಟ್ಟತೊಡಗಿ, ಅದನ್ನು ಪುಕ್ಕಟೆಯಾಗಿ ಜಗತ್ತಿಗೆ ಬಿಟ್ಟರು. ಕಾಣುವವರಿಗೆ ಕೊಡುವ ಬೆಲೆಗಿಂತ ಹೆಚ್ಚು ಬೆಲೆಯನ್ನು ಕಾಣದವರು ಏಕೆ ಕೊಡಬೇಕು ಎಂಬುದು ಅವರ ತಕರಾರು. ಅದರೊಂದಿಗೇ ಬರುವ ದನಿ ‘ಇ-ಸ್ಪೀಕ್’. ಜೊನಾಥನ್ ಡಡಿಂಗ್ಟನ್ ಎಂಬ ಇಂಗ್ಲಿಷಿನವನು 1995ರಲ್ಲಿ ಬೇರೊಂದು ಬಗೆಯ ಕಂಪ್ಯೂಟರಿಗಾಗಿ ಬರೆದದ್ದು ಅದರ ಮೂಲ. ಅದು ಕನ್ನಡವನ್ನೂ ಆಡುತ್ತದೆ. ದನಿಯೇನೋ ತಗಡಿನ ಡಬ್ಬಿಯೊಳಗೆ ಕುಳಿತವರು ಮಾತಾಡಿದಂತೆ. ಆದರೂ ಅದು ಮೊದಲ ಸಲ ನನ್ನ ಹೆಸರನ್ನು ಕನ್ನಡದಲ್ಲಿ ಕರೆದ ಸಂಜೆ ನಾನು ಊಟ ಮಾಡಲಿಲ್ಲ. ಸಂತೋಷಕ್ಕೆ ಹಸಿವು ಹೋಗುತ್ತದೆಂದು ಅಂದೇ ತಿಳಿದದ್ದು.

ಮದುವೆಯಾದ ಹೊಸತಿನ ಸಂತೋಷದಂತೆ ಅದೂ ಕೆಲವು ದಿನದ್ದು. ಆಮೇಲೆ ಯಂತ್ರದ ಸ್ವಭಾವ ತಿಳಿಯತೊಡಗಿತು. ಒಮ್ಮೊಮ್ಮೆ ನಡುವೆ ಮಾತು ನಿಲ್ಲಿಸಿಬಿಡುವುದು, ಒಮ್ಮೊಮ್ಮೆ ಅರ್ಥವಿಲ್ಲದ್ದನ್ನು ಬಡಬಡಿಸುವುದು, ಒಮ್ಮೊಮ್ಮೆ ಇಡೀ ಪುಟವನ್ನು ನುಂಗಿ ‘ಖಾಲಿ’ ಎನ್ನುವುದು. ರಿಪೇರಿಯವರನ್ನು ಕರೆದರೆ ಅವರು ಪರದೆ ನೋಡಿ, ‘ಎಲ್ಲ ಸರಿ ಐತಲ್ರಿ ಸರ’ ಎನ್ನುತ್ತಿದ್ದರು. ಅವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಹೀಗಾಗಿ ನನ್ನ ರಿಪೇರಿಯನ್ನು ನಾನೇ ಕಲಿಯಬೇಕಾಯಿತು. ಕಲಿತದ್ದು ಹೇಗೋ ಸುತ್ತಲ ತಾಲ್ಲೂಕುಗಳಿಗೆ ಹಬ್ಬಿ, ಏಳು ಗಂಟೆಯ ಫೋನುಗಳು ಶುರುವಾದವು.

ಅನೇಕ ಸಲ ರೋಗ ಏನೂ ಇರುವುದಿಲ್ಲ. ಇನ್ಸರ್ಟ್ ಕೀಲಿಯೊಂದಿಗೆ ಎಸ್ ಒತ್ತಿದರೆ ಎನ್‌ವಿಡಿಎ ಮಾತು ನಿಲ್ಲಿಸುತ್ತದೆ. ಗೊತ್ತಿಲ್ಲದೆ ಬೆರಳು ತಾಗಿರುತ್ತದೆ. ಅದನ್ನೇ ಒಂದೆರಡು ಸಲ ಮತ್ತೆ ಒತ್ತಿದರೆ ಮಾತು ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ ಹೊಸದಾಗಿ ಎಬ್ಬಿಸಬೇಕು. ಇಷ್ಟರಲ್ಲಿ ಅರ್ಧ ಜನರ ಸಮಸ್ಯೆ ತೀರುತ್ತದೆ. ಉಳಿದರ್ಧದ್ದೇ ಕಥೆ.

ಹಳಿಯಾಳದ ಕಾಲೇಜು ಹುಡುಗಿಯೊಬ್ಬಳು ಒಮ್ಮೆ ಅಳುವ ದನಿಯಲ್ಲಿ ಫೋನ್ ಮಾಡಿದಳು. ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಉಪನ್ಯಾಸಕರು ಪ್ರೀತಿಯಿಂದ ಟಿಪ್ಪಣಿಗಳ ಕಡತವನ್ನೇ ಕೊಟ್ಟಿದ್ದರು. ಕಂಪ್ಯೂಟರು ಅದನ್ನು ಓದಲು ಹೋಗಿ, ‘ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್’ ಎಂದು ಬಡಬಡಿಸುತ್ತಿತ್ತು. ‘ಇದಕ್ಕ ಹುಚ್ಚು ಹಿಡದೈತಿ ಸರ’ ಎಂದಳು. ಅಂಗಡಿಯವರು ಎರಡು ಸಲ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿ, ಎರಡು ಸಲವೂ ದುಡ್ಡು ತೆಗೆದುಕೊಂಡಿದ್ದರು. ಹುಚ್ಚು ಮಾತ್ರ ಬಿಟ್ಟಿರಲಿಲ್ಲ.

ಕಂಪ್ಯೂಟರು ಆ ದಿನ ಪಾಪ ಮಾಡಿರಲಿಲ್ಲ. ನಮ್ಮಲ್ಲಿ ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದಾಗ ಕಡತದೊಳಗೆ ಉಳಿಯುವುದು ಕನ್ನಡವಲ್ಲ, ಇಂಗ್ಲಿಷಿನ ಸಂಕೇತಗಳು. ‘ಕನ್ನಡ’ ಎಂದು ಬರೆದರೆ ಒಳಗೆ ಕುಳಿತಿರುವುದು ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡಿನ ಗುರುತು, ಜರ್ಮನರ ಒಂದು ಅಕ್ಷರ, ಕ್ಯೂ. ಇವುಗಳ ಮೇಲೆ ಕನ್ನಡದ ಅಂಗಿ ತೊಡಿಸಿರುತ್ತಾರೆ, ಅಷ್ಟೆ. ಕಣ್ಣು ಅಂಗಿಯನ್ನು ನೋಡುತ್ತದೆ; ಯಂತ್ರ ಮೈಯನ್ನು ಓದುತ್ತದೆ. ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ 1991ರಿಂದಲೇ ಇದೆ. ಆದರೂ ಅಭ್ಯಾಸವಾದ ಕೈ ಹಳೆಯದನ್ನು ಬಿಡುವುದಿಲ್ಲ. ಹುಡುಗಿಗೆ ಪರಿವರ್ತಕ ತಂತ್ರಾಂಶ ಹಾಕಿಕೊಳ್ಳುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ. ಎರಡು ಸಂಜೆ ಹಿಡಿಯಿತು. ಮೂರನೆಯ ಸಂಜೆ ಟಿಪ್ಪಣಿಯ ಮೊದಲ ಸಾಲು ಕನ್ನಡದಲ್ಲಿ ಕೇಳಿಸಿತು. ನನಗೂ ಕೇಳಲೆಂದು ಫೋನನ್ನು ಸ್ಪೀಕರಿನ ಬಳಿ ಹಿಡಿದಿದ್ದಳು. ಅಲ್ಲಲ್ಲಿ ಒತ್ತಕ್ಷರ ತಪ್ಪುತ್ತಿತ್ತು. ‘ಇರಲಿ ಬಿಡ್ರಿ ಸರ, ತಪ್ಪು ನಾ ತಿದ್ದಕೋತೀನಿ’ ಎಂದಳು.

ಇದಕ್ಕಿಂತ ಸಣ್ಣ ಚೇಷ್ಟೆಯೊಂದಿದೆ. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡಲು ಒಂದೇ ದುಂಡು. ಕೆಲವರು ಬೆರಳಚ್ಚು ಮಾಡುವಾಗ ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿಬಿಡುತ್ತಾರೆ. ಗೆಳೆಯರೊಬ್ಬರು ಮಗಳ ಮದುವೆಯ ಕರೆಯೋಲೆ ಕಳಿಸಿದ್ದರು. ನನ್ನ ಕಂಪ್ಯೂಟರು ಅದನ್ನು ಗಂಭೀರವಾಗಿ ಓದಿತು: ‘ಕು ಸೊನ್ನೆ ಕುಮ, ಬ ಸೊನ್ನೆ ಧು ಮಿತ್ರರು’. ಅವರಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಂದು ಸಾಲಾದರೆ ನಗಬಹುದು. ಇನ್ನೂರು ಪುಟದ ಪುಸ್ತಕವನ್ನು ಹೀಗೆ ಕೇಳಬೇಕಾಗಿ ಬಂದವನಿಗೆ ನಗು ಉಳಿಯುವುದಿಲ್ಲ.

ಜೊಯಿಡಾದ ಕಡೆಯ ತಾಯಿಯೊಬ್ಬರ ತೊಂದರೆ ಬೇರೆ ತರಹದ್ದು. ಸೂಪಾ ಅಣೆಕಟ್ಟಿನ ನೀರಲ್ಲಿ ಹಳೆಯ ಸೂಪಾ ಊರು ಮುಳುಗಿ, ತಾಲ್ಲೂಕಿನ ಕಚೇರಿಗಳೆಲ್ಲ ಜೊಯಿಡಾಕ್ಕೆ ಬಂದದ್ದನ್ನು ನಮ್ಮ ಪ್ರಾಯದವರು ಬಲ್ಲರು. ಅಲ್ಲಿ ಕಾಡು ಜಾಸ್ತಿ, ಮನೆ ಕಡಿಮೆ, ಮೊಬೈಲಿನ ಸಿಗ್ನಲ್ಲು ಇನ್ನೂ ಕಡಿಮೆ. ಈ ತಾಯಿ ಮಕ್ಕಳ ಸಂದೇಶಗಳನ್ನು ಮೊಬೈಲಿನಿಂದ ಓದಿಸಿಕೊಳ್ಳುತ್ತಾರೆ. ದನಿ ಇಂಪಾದದ್ದು, ಬೆಂಗಳೂರಿನಲ್ಲಿರುವ ಸೊಸೆ ಮಾತಾಡಿದಂತಿದೆ ಎಂದು ಅವರಿಗೆ ಸಂತೋಷ. ಆದರೆ ಮಳೆಗಾಲ ಬಂತೆಂದರೆ ಈ ಸೊಸೆ ಮುನಿಸಿಕೊಳ್ಳುತ್ತಾಳೆ. ‘ಬ್ಯಾಸಗ್ಯಾಗ ಮಾತಾಡ್ತದ, ಮಳಿಗಾಲದಾಗ ಬಾಯಿ ಮುಚ್ಚತದ. ಇದೇನ್ ಕಪ್ಪೀನ ಉಲ್ಟಾ ಏನ್ರಿ ಮಾಸ್ತರ?’ ಎಂದು ಅವರು ಕೇಳಿದ್ದು ನನಗೆ ಇನ್ನೂ ನೆನಪಿದೆ.

ಇಂಪಾದ ದನಿಗಳಲ್ಲಿ ಹಲವು ದೂರದ ಊರಿನ ಯಂತ್ರಗಳಿಂದ ಇಂಟರ್‌ನೆಟ್ ಮೂಲಕ ಬರುವಂಥವು. ತಂತಿ ಕಡಿದರೆ ದನಿ ಹೋಯಿತು. ದನಿಯ ಕಡತವನ್ನು ಒಮ್ಮೆ ಮೊಬೈಲಿಗೇ ಇಳಿಸಿಕೊಂಡರೆ ಸಿಗ್ನಲ್ಲಿನ ಹಂಗಿಲ್ಲ. ಹಾಗೆ ಇಳಿಸಿಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದಾಂಡೇಲಿಯ ಸಂತೆಗೆ ಬಂದಾಗ ನಮ್ಮ ಮನೆಗೆ ಬಂದು ಇಳಿಸಿಕೊಂಡು ಹೋದರು. ಜೊತೆಗೆ ತಗಡಿನ ಡಬ್ಬಿಯ ಇ-ಸ್ಪೀಕನ್ನೂ ಹಾಕಿಕೊಟ್ಟೆ. ‘ಮಂದಿ ಹಿಂಗ ಮಾತಾಡೂದಿಲ್ರಿ’ ಎಂದು ಅವರು ಮೂಗು ಮುರಿದರು. ನಿಜ. ಆದರೆ ಈ ಡಬ್ಬಿಗೆ ಕೆಲವೇ ಎಂಬಿ ಜಾಗ ಸಾಕು, ಇಂಟರ್‌ನೆಟ್ ಬೇಡ, ಎಷ್ಟು ವೇಗವಾಗಿ ಓದಿಸಿದರೂ ಅಕ್ಷರ ಕಲಸುವುದಿಲ್ಲ. ರೂಪವತಿಯಲ್ಲ, ಗುಣವಂತೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದಂಥ ಕಡೆ ಕನ್ನಡಕ್ಕೆ ಮನುಷ್ಯರ ದನಿಯಿಂದಲೇ ಮಾತು ಕಟ್ಟುವ ಕೆಲಸ ನಡೆದಿದೆ. ಇಂಪೂ ನಂಬಿಕೆಯೂ ಒಂದೇ ದನಿಯಲ್ಲಿ ಕೂಡಿಬರಲಿ ಎಂಬುದು ನಮ್ಮಂಥವರ ಆಸೆ.

ಇಷ್ಟೆಲ್ಲ ಹೇಳಿದ ಮೇಲೆ, ನಾನು ಬಹಳ ಬಲ್ಲವನೆಂದು ಓದುಗರಿಗೆ ಅನ್ನಿಸಿರಬಹುದು. ನನಗೂ ಹಾಗೇ ಅನ್ನಿಸಿತ್ತು. ಮುಂಡಗೋಡದ ಸಂಗತಿ ನಡೆಯುವವರೆಗೆ.

ಮುಂಡಗೋಡದಲ್ಲಿ, ಟಿಬೆಟನ್ ಕಾಲೊನಿಗೆ ಹೋಗುವ ದಾರಿಯಲ್ಲಿ, ನನ್ನ ತಮ್ಮನ ಮನೆ. ಅವನ ಮಗನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಜಾಣ ಹುಡುಗ, ಬಿ.ಎ. ಮುಗಿಸಿ, ನನ್ನ ಹಾಗೆ ಮಾಸ್ತರನಾಗಬೇಕೆಂದು ಬಿ.ಎಡ್. ಸೇರಲು ಹೊರಟಿದ್ದ. ಓದಿನ ಖರ್ಚಿಗೆ ಒಂದು ಕಚೇರಿಯ ಸಹಾಯಧನಕ್ಕೆ ಕಂಪ್ಯೂಟರಿನಲ್ಲೇ ಅರ್ಜಿ ಹಾಕಿದ್ದ. ಯಾರ ಕೈಯನ್ನೂ ಹಿಡಿಯದೆ ತಾನೇ ತುಂಬಿದ ಮೊದಲ ಅರ್ಜಿ ಅದು. ಹಾಕಿದ ಮೇಲೆ ವಾರಕ್ಕೊಮ್ಮೆ ಆ ಪುಟ ತೆರೆದು, ಅರ್ಜಿ ಏನಾಯಿತೆಂದು ನೋಡುತ್ತಿದ್ದ. ‘ಪೂರ್ಣ ಅಂತ ಬಂದೈತಿ ದೊಡ್ಡಪ್ಪ’ ಎಂದು ನನಗೆ ಫೋನಿನಲ್ಲಿ ಹೇಳಿಯೂ ಇದ್ದ. ಕಡೆಯ ದಿನಾಂಕ ದಾಟಿ, ಪಟ್ಟಿ ಬಂದಾಗ ಅವನ ಹೆಸರಿರಲಿಲ್ಲ. ಅಂಗವಿಕಲತೆಯ ಪ್ರಮಾಣಪತ್ರದ ಒಂದು ಪುಟ ಸೇರಿಲ್ಲವೆಂದು ಅರ್ಜಿ ಅಪೂರ್ಣವಾಗಿತ್ತಂತೆ. ಪುಟದಲ್ಲಿ ಆ ಮಾತು ತಿಂಗಳಿಂದ ಹಾಗೇ ಇತ್ತಂತೆ. ಪಕ್ಕದ ಮನೆಯ ಹುಡುಗ ನೋಡಿ ಹೇಳಿದ.

ತಮ್ಮ ರೇಗಿದ. ಮನೆಯವರೆಲ್ಲ ರೇಗಿದರು. ಹುಡುಗ ಮಾತ್ರ ಒಂದೇ ಮಾತು ಹಿಡಿದಿದ್ದ: ‘ನಾ ಸರಿಯಾಗೇ ಕೇಳೀನಿ. ಅದು ಪೂರ್ಣ ಅಂತನ ಅಂದೈತಿ.’ ಕೊನೆಗೆ ನನಗೆ ಫೋನ್ ಮಾಡಿದ. ಓದುಗರೇ, ಆಗ ನಾನಾಡಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ‘ಕಣ್ಣಿಲ್ಲ ಅಂದ ಮ್ಯಾಲ ಕಿವಿಯಾರ ನೆಟ್ಟಗ ಇಟಗೋಬೇಕಲ್ಲೋ’ ಎಂದೆ. ಅತ್ತಲಿಂದ ಉತ್ತರ ಬರಲಿಲ್ಲ. ಫೋನ್ ಇಟ್ಟ ಸದ್ದಷ್ಟೇ ಬಂತು. ಸಹಾಯಧನ ಸಿಗದೆ ಆ ವರ್ಷ ಅವನು ಬಿ.ಎಡ್. ಸೇರಲಿಲ್ಲ.

ದೀಪಾವಳಿಗೆ ತಮ್ಮನ ಮನೆಯವರೆಲ್ಲ ದಾಂಡೇಲಿಗೆ ಬಂದರು. ಹುಡುಗ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಹಬ್ಬದ ಮರುದಿನ ಎಲ್ಲರೂ ಹೊರಗೆ ಹೋದಾಗ, ನಾನು ಸುಮ್ಮನೆ ಕುಳಿತಿದ್ದವನು, ಅವನ ಕಂಪ್ಯೂಟರನ್ನು ಹತ್ತಿರ ಎಳೆದುಕೊಂಡು ಅವನ ಇಯರ್‌ಫೋನನ್ನು ಕಿವಿಗೆ ಹಾಕಿಕೊಂಡೆ. ಗಂಟೆ ಎಷ್ಟೆಂದು ತಿಳಿಯಲು ಇನ್ಸರ್ಟ್ ಹಿಡಿದು ಎಫ್-12 ಒತ್ತಿದೆ. ‘ತ್ತು’ ಎಂದು ಏನೋ ಕೇಳಿಸಿತು. ಹತ್ತಿರಬೇಕು ಎಂದುಕೊಂಡು ಮತ್ತೊಮ್ಮೆ ಒತ್ತಿದೆ. ‘ಹತ್ತು’ ಎಂದು ಸ್ಪಷ್ಟವಾಗಿ ಹೇಳಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಒತ್ತಿದೆ. ಮತ್ತೆ ‘ತ್ತು’.

ನನ್ನ ಎದೆ ಧಸಕ್ಕೆಂದಿತು. ಖಾಲಿ ಪುಟ ತೆರೆದು ಒಂದೊಂದು ಸಾಲಿನಲ್ಲಿ ಒಂದೊಂದು ಶಬ್ದ ಬರೆದೆ: ಅಸಾಧ್ಯ, ಅನ್ಯಾಯ, ಅಪೂರ್ಣ. ಪ್ರತಿ ಸಾಲಿಗೆ ಮೊದಲು ಇಪ್ಪತ್ತರವರೆಗೆ ಎಣಿಸಿ ಕೆಳಬಾಣ ಒತ್ತಿದೆ. ಇಯರ್‌ಫೋನು ಹೇಳಿತು: ‘ಸಾಧ್ಯ’. ಆಮೇಲೆ ‘ನ್ಯಾಯ’. ಆಮೇಲೆ ‘ಪೂರ್ಣ’.

ಅದು ತಂತಿಯಿಲ್ಲದ ಇಯರ್‌ಫೋನು. ಸದ್ದಿಲ್ಲದಾಗ ಬ್ಯಾಟರಿ ಉಳಿಸಲೆಂದು ಅಂಥವು ತೂಕಡಿಸುತ್ತವೆ. ಮತ್ತೆ ಸದ್ದು ಬಂದಾಗ ಎಚ್ಚರಗೊಳ್ಳಲು ಒಂದು ಕ್ಷಣದ ಪಾಲಿನಷ್ಟು ಸಮಯ ಬೇಕು. ಮಾತು ಅಷ್ಟು ಹೊತ್ತು ಕಾಯುವುದಿಲ್ಲ. ಹಾಡು ಕೇಳುವವರಿಗೆ ಇದರಿಂದ ಏನೂ ನಷ್ಟವಿಲ್ಲ. ಇಂಗ್ಲಿಷಿನ ಉದ್ದನೆಯ ವಾಕ್ಯ ಕೇಳುವವರಿಗೂ ಅಂದಾಜು ಸಿಕ್ಕೀತು. ಆದರೆ ನಮ್ಮ ಭಾಷೆಯಲ್ಲಿ ಸಂಸ್ಕೃತದಿಂದ ಬಂದ ಎಷ್ಟೋ ಶಬ್ದಗಳ ‘ಇಲ್ಲ’ವೆಲ್ಲ ಅಡಗಿರುವುದು ಮೊದಲಿನ ಒಂದು ‘ಅ’ದಲ್ಲಿ. ಅದು ಹೋದರೆ ಶಬ್ದ ಒಡೆದಂತೆ ಕೇಳಿಸುವುದಿಲ್ಲ. ತದ್ವಿರುದ್ಧ ಅರ್ಥದ ಇನ್ನೊಂದು ಒಳ್ಳೆಯ ಶಬ್ದವಾಗಿ ಕೇಳಿಸುತ್ತದೆ. ಆ ಕಚೇರಿಯ ಪುಟದಲ್ಲಿ ಕೋಷ್ಟಕ ಕಣ್ಣಿಗಷ್ಟೇ ಇತ್ತು, ಗೆರೆಗಳ ಒಳಗೆ ಇದು ಇಂಥ ಕಾಲಮ್ಮು ಎಂಬ ಗುರುತು ಇರಲಿಲ್ಲ. ಇದ್ದಿದ್ದರೆ ಯಂತ್ರ ‘ಸ್ಥಿತಿ’ ಎಂದು ಮೊದಲು ಹೇಳಿ ‘ಅಪೂರ್ಣ’ ಎನ್ನುತ್ತಿತ್ತು. ಕತ್ತರಿ ‘ಸ್ಥಿತಿ’ಯ ಮೇಲೆ ಬಿದ್ದು ‘ಅ’ ಉಳಿಯುತ್ತಿತ್ತು. ಗುರುತಿಲ್ಲದ್ದರಿಂದ ಹುಡುಗ ಕೆಳಬಾಣ ಒತ್ತಿದಾಗ ಆ ಸಾಲಿನಲ್ಲಿದ್ದ ಒಂಟಿ ಶಬ್ದವನ್ನಷ್ಟೇ ಅದು ಓದಿತ್ತು.

ಇನ್ನೊಂದು ಮಾತು ಉಳಿದಿದೆ. ಆ ಇಯರ್‌ಫೋನನ್ನು ಅವನ ಹುಟ್ಟುಹಬ್ಬಕ್ಕೆ ಕೊಟ್ಟವನು ನಾನೇ. ತಂತಿ ಪದೇ ಪದೇ ಕಡಿಯುತ್ತದೆ, ಇದಾದರೆ ಬಾಳಿಕೆ ಎಂದು ಆರಿಸಿ ತಂದಿದ್ದೆ.

ಹುಡುಗ ಮನೆಗೆ ಬಂದ ಮೇಲೆ ಅವನ ಕೈಗೆ ಇಯರ್‌ಫೋನು ಕೊಟ್ಟು, ‘ಇದನ್ನ ಕೇಳು’ ಎಂದೆ. ಮೂರು ಶಬ್ದ ಕೇಳಿದ. ಮತ್ತೆ ಕೇಳಿದ. ಬಹಳ ಹೊತ್ತು ಸುಮ್ಮನಿದ್ದು, ‘ನಾ ಹೇಳಿದ್ದೆ ದೊಡ್ಡಪ್ಪ’ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ‘ಹೌದಪಾ, ನೀ ಹೇಳಿದ್ದೆ. ನಾ ಕೇಳಲಿಲ್ಲ’ ಎಂದೆ. ಅಂದು ಕಿವಿ ನೆಟ್ಟಗಿರದೆ ಇದ್ದದ್ದು ನನ್ನದು.

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಇದು ತಡವಾಗಿ ಕಲಿತ ಪಾಠ. ಹಳಿಯಾಳದ ಹುಡುಗಿಯ ಕಡತ ಕಣ್ಣಿಗೆ ಸರಿಯಾಗಿತ್ತು. ಕರೆಯೋಲೆ ಕಣ್ಣಿಗೆ ಸರಿಯಾಗಿತ್ತು. ಕಚೇರಿಯ ಕೋಷ್ಟಕ ಕಣ್ಣಿಗೆ ಸರಿಯಾಗಿತ್ತು. ತಪ್ಪು ಕಾಣಿಸಿಕೊಂಡದ್ದು ಕೇಳುವವನ ಪಾಲಿನಲ್ಲಿ; ಆದ್ದರಿಂದ ತಪ್ಪೂ ಕೇಳುವವನದೇ ಎಂದು ತೀರ್ಪಾಗುತ್ತದೆ. ಕಣ್ಣುಳ್ಳವರು ನನ್ನ ಮೇಲೆ ಎಷ್ಟೋ ಸಲ ಕೊಟ್ಟ ಆ ತೀರ್ಪನ್ನು, ಕಣ್ಣಿಲ್ಲದ ನಾನೇ ಮಗನಂಥ ಹುಡುಗನ ಮೇಲೆ ಕೊಟ್ಟೆ.

ಮರುದಿನವೇ ತಂತಿಯ ಇಯರ್‌ಫೋನು ತಂದೆವು. ತಂತಿಯಿಲ್ಲದ್ದು ತೂಕಡಿಸದಂತೆ ಕೇಳಿಸದಷ್ಟು ಸಣ್ಣ ಮೌನವನ್ನು ಸದಾ ನುಡಿಸುತ್ತಿರುವ ಪುಟ್ಟ ತಂತ್ರಾಂಶವೂ ಇದೆಯೆಂದು ಆಮೇಲೆ ಅವನೇ ಹುಡುಕಿ ಹೇಳಿದ. ಮರುವರ್ಷ ಅರ್ಜಿ ಹಾಕಿದಾಗ ‘ಸ್ಥಿತಿ’ಯ ಶಬ್ದವನ್ನು ಬಲಬಾಣ ಒತ್ತಿ ಅಕ್ಷರ ಅಕ್ಷರವಾಗಿ ಓದಿಸಿಕೊಂಡು, ಫೋನ್ ಮಾಡಿ ನನಗೂ ಕೇಳಿಸಿದ. ಮೊದಲ ಅಕ್ಷರ ‘ಪೂ’ ಇತ್ತು. ಈಗ ಬಿ.ಎಡ್. ಓದುತ್ತಿದ್ದಾನೆ. ಒಂದು ವರ್ಷ ಹಿಂದೆ ಬಿದ್ದ, ಅಷ್ಟೆ ಎಂದು ಮನೆಯವರು ಸಮಾಧಾನ ಹೇಳಿಕೊಳ್ಳುತ್ತಾರೆ. ಇಪ್ಪತ್ತೆರಡರ ಪ್ರಾಯದಲ್ಲಿ ಒಂದು ವರ್ಷ ಎಷ್ಟು ದೊಡ್ಡದೆಂದು ಕಳೆದುಕೊಂಡವನಿಗೇ ಗೊತ್ತು.

ಬೆಳಗಿನ ಏಳು ಗಂಟೆಯ ಫೋನುಗಳು ಈಗಲೂ ಬರುತ್ತವೆ. ಮೊದಲಾದರೆ ನಾನು, ‘ನೀವು ಏನು ಒತ್ತಿದಿರಿ?’ ಎಂದು ಶುರು ಮಾಡುತ್ತಿದ್ದೆ. ವಕೀಲರ ಪ್ರಶ್ನೆಯಂಥದು ಅದು. ಕೇಳಿದವರು ಆಗಲೇ ಅರ್ಧ ತಪ್ಪಿತಸ್ಥರು. ಈಗ ಆ ಪ್ರಶ್ನೆ ಬಿಟ್ಟಿದ್ದೇನೆ. ‘ಅದು ಏನಂತು? ನಿಮಗೆ ಹೆಂಗ ಕೇಳಿಸ್ತೋ ಹಂಗ ಹೇಳ್ರಿ’ ಎನ್ನುತ್ತೇನೆ. ಆಮೇಲೆ ನಾನು ಸುಮ್ಮನೆ ಕೇಳುತ್ತೇನೆ.